ಸೆಂಗ್ಲಾ ನೆಟ್ಟ ಮಜ್ಜಿಗೆ ಹುಲ್ಲು

ಥಾಯ್ಲೆಂಡಿನ ಚಿಯಾಂಗ್ ಮಾಯ್ ಊರಿನ ಹಳೇ ಕೋಟೆಯ ಕಂದಕದ ಪಕ್ಕ ಒಂದು ಟೆನಿಸ್ ಕ್ಲಬ್ಬಿದೆ. ವರ್ಷಕ್ಕೊಂದು ವಾರ ದೇಶದೇಶಗಳ ಹೆಣ್ಣುಮಕ್ಕಳು ಅಲ್ಲಿಗೆ ಬಂದು ಬಹುಮಾನದ ಹಣಕ್ಕಾಗಿ ಆಡುತ್ತಾರೆ. ಆ ಪಂದ್ಯಾವಳಿ ಶುರುವಾದ ವರ್ಷ ಸೆಂಗ್ಲಾಗೆ ಇಪ್ಪತ್ತಮೂರು. ಕ್ಲಬ್ಬಿನಲ್ಲಿ ಅವಳದು ಟವೆಲ್ಲಿನ ಕೆಲಸ: ಒಗೆಯಬೇಕು, ಒಣಗಿಸಬೇಕು, ಮಡಿಸಿ ಕೊಡಬೇಕು, ಆಟ ಮುಗಿದ ಮೇಲೆ ಆಟಗಾರ್ತಿಯರು ಚೀಲಕ್ಕೆ ತುರುಕಿಕೊಂಡದ್ದನ್ನು ನಗುನಗುತ್ತಲೇ ವಾಪಸು ಕೇಳಬೇಕು.

ಮೊದಲ ವರ್ಷ ಎಲ್ಲವೂ ಎರವಲು. ಕುರ್ಚಿಗಳು ದೇವಾಲಯದವು, ಅಂಪೈರ್ ಕೂರುವ ಏಣಿ ಲಿಚಿ ತೋಟದ್ದು, ಅಂಕಫಲಕ ಪಕ್ಕದ ಶಾಲೆಯದು. ಆ ಫಲಕದಲ್ಲಿ ಆರರ ಅಂಕಿ ಕಳೆದುಹೋಗಿತ್ತು. ಟೆನಿಸ್ಸಿನಲ್ಲಿ ಆರಿಲ್ಲದೆ ಸೆಟ್ ಮುಗಿಯುವುದಿಲ್ಲ. ಒಂಬತ್ತನ್ನು ತಲೆಕೆಳಗೆ ನೇತುಹಾಕಿ ಸುಧಾರಿಸಿಕೊಂಡರು. ಇಷ್ಟೆಲ್ಲ ಸಿದ್ಧವಾದ ಮೇಲೆ, ಪಂದ್ಯದ ಹಿಂದಿನ ಸಂಜೆ, ದೋಯ್ ಸುತೇಪ್ ಬೆಟ್ಟದ ತಲೆಯ ಮೇಲೆ ಮೋಡ ಕೂತು ತುಂತುರು ಶುರುವಾಯಿತು.

ಮಜ್ಜಿಗೆ ಹುಲ್ಲು ನೆಡಿಸಿ ಎಂದಳು ಅಡುಗೆಯ ಅಜ್ಜಿ. ಅದೇನೆಂದು ಯಾರೂ ಕೇಳಲಿಲ್ಲ, ಅಲ್ಲಿ ಎಲ್ಲರಿಗೂ ಗೊತ್ತು. ಮೂರು ದಂಟು ಮಜ್ಜಿಗೆ ಹುಲ್ಲನ್ನು ತುದಿ ಮಣ್ಣಿಗೆ, ಬುಡ ಆಕಾಶಕ್ಕೆ ಮಾಡಿ ಬಯಲಲ್ಲಿ ನೆಟ್ಟರೆ ಮಳೆ ಹಿಂದೆ ಸರಿಯುತ್ತದೆ. ಒಂದೇ ಕರಾರು, ನೆಡುವ ಕೈ ಗಂಡಸಿನ ಸಂಗ ಅರಿಯದ ಹೆಣ್ಣಿನದಾಗಿರಬೇಕು. ಕ್ಲಬ್ಬಿನಲ್ಲಿ ಮದುವೆಯಾಗದ ಹುಡುಗಿಯರು ನಾಲ್ವರಿದ್ದರು. ಅಜ್ಜಿಯ ಮಾತು ಮುಗಿಯುವುದರೊಳಗೆ ಒಬ್ಬಳಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು, ಇನ್ನೊಬ್ಬಳಿಗೆ ತಲೆನೋವು ಬಂತು, ಮೂರನೆಯವಳು ಸೈಕಲ್ ಹತ್ತಿ ಹೋಗಿಯೇಬಿಟ್ಟಳು. ಉಳಿದವಳು ಸೆಂಗ್ಲಾ. ನೆಟ್ಟಳು. ಬೆಳಗಾಗುವ ಹೊತ್ತಿಗೆ ಆಕಾಶ ತೊಳೆದ ತಟ್ಟೆಯಂತಿತ್ತು.

ಅದು ನವೆಂಬರ್ ತಿಂಗಳು. ಆ ಊರಿನಲ್ಲಿ ಅಕ್ಟೋಬರ್ ಕಳೆದರೆ ಮಳೆಗಾಲ ಗಂಟುಮೂಟೆ ಕಟ್ಟಿದ ಹಾಗೆಯೇ. ಅಪ್ಪಿತಪ್ಪಿ ನಾಲ್ಕು ಹನಿ ಬಿದ್ದರೂ ಬೆಳಗಿನವರೆಗೆ ನಿಲ್ಲುವುದಿಲ್ಲ. ಮಜ್ಜಿಗೆ ಹುಲ್ಲನ್ನು ನೆಟ್ಟರೂ ಅಷ್ಟೇ, ಸಾರಿಗೆ ಹಾಕಿದರೂ ಅಷ್ಟೇ. ಆದರೆ ತಿಂಗಳಿಗೆ ಯಾರೂ ಕೈಮುಗಿಯುವುದಿಲ್ಲ. ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರ್ ವೊರಪೋತ್ ಮರುವರ್ಷ ನೆಡುವ ಕೆಲಸವನ್ನು ಸೆಂಗ್ಲಾಗೇ ವಹಿಸಿದರು, ಅದರ ಮರುವರ್ಷವೂ. ಹಾಗೆ ಇಪ್ಪತ್ತೈದು ವರ್ಷ. ಅಂಕಣ ನಾಲ್ಕಿದ್ದದ್ದು ಒಂಬತ್ತಾಯಿತು. ಒಂದು ವರ್ಷ ಹುಣ್ಣಿಮೆಯ ಹಬ್ಬಕ್ಕೆ ಊರವರು ಹಾರಿಬಿಟ್ಟ ಕಾಗದದ ದೀಪವೊಂದು ಉರಿಯುತ್ತಲೇ ನೆಟ್ಟಿನ ಮೇಲೆ ಬಂದು ಕೂತಿತು. ಅಂಪೈರ್ ಆ ಪಾಯಿಂಟನ್ನು ಮತ್ತೆ ಆಡಿಸಿದ. ಇನ್ನೊಂದು ವರ್ಷ ಸೋತ ಆಟಗಾರ್ತಿ ಸಿಟ್ಟಿಗೆದ್ದು ಎಸೆದ ರಾಕೆಟ್ಟು ಕಂದಕದ ನೀರಿಗೆ ಬಿದ್ದು, ಅದನ್ನು ಹಿಡಿದು ತೆಗೆದ ಮೀನುಗಾರ ವಾಪಸು ಕೊಡಲೊಲ್ಲೆ ಎಂದ. ಏನೇ ಆದರೂ ಮಳೆಯಿಂದ ಮಾತ್ರ ಒಂದು ಪಂದ್ಯವೂ ನಿಲ್ಲಲಿಲ್ಲ.

ಇದರಿಂದ ಸೆಂಗ್ಲಾಗೆ ಆದ ತೊಂದರೆ ಒಂದೇ. ಅವಳ ಮದುವೆ ಪಂದ್ಯಾವಳಿಗೆ ಗಂಡಾಂತರವಾಗಿತ್ತು.

ಗಂಡು ಬಂದಿರಲಿಲ್ಲವೆಂದಲ್ಲ. ಒಬ್ಬ ಮೇಷ್ಟ್ರು ಬಂದಿದ್ದರು, ರೈಲ್ವೆಯವನೊಬ್ಬ ಬಂದಿದ್ದ. ಸೆಂಗ್ಲಾಳ ತಂದೆ ತೀರಿಕೊಂಡಿದ್ದರಿಂದ ಹಿರಿಯರ ಸ್ಥಾನದಲ್ಲಿ ನಿಂತು ಗಂಡು ನೋಡುವ ಹೊಣೆಯನ್ನು ಡಾಕ್ಟರು ತಾವಾಗಿಯೇ ಹೊತ್ತುಕೊಂಡರು. ಬಂದವನನ್ನು ಕೂರಿಸಿ, ಚಹಾ ಕೊಟ್ಟು, ಬಾಯಿ ತೆರೆಸುತ್ತಿದ್ದರು. ಮೇಷ್ಟ್ರ ದವಡೆ ಹಲ್ಲು ನಾಲ್ಕು ಹುಳುಕು, ಆಯುಸ್ಸು ಗಟ್ಟಿಯಿಲ್ಲ ಎಂದರು. ರೈಲ್ವೆಯವನ ವಸಡು ನೋಡಿ ಇವನು ಗುಟ್ಟಾಗಿ ಕುಡಿಯುತ್ತಾನೆ ಎಂದರು. ಸೆಂಗ್ಲಾಗೆ ಆ ಇಬ್ಬರ ಮೇಲೂ ಮನಸ್ಸಿರಲಿಲ್ಲ.

ಮನಸ್ಸಿದ್ದದ್ದು ಐಸಿನ ಖಮ್ಮೂನ್ ಮೇಲೆ. ಹೆಂಡತಿ ತೀರಿಕೊಂಡವನು, ಐವತ್ತೆರಡರವನು. ದಿನಾ ಬೆಳಿಗ್ಗೆ ಗಾಡಿಯಲ್ಲಿ ಕ್ಲಬ್ಬಿಗೆ ಮಂಜುಗಡ್ಡೆ ತಂದು ಹಾಕುತ್ತಿದ್ದ. ಕೆಲಸ ಮುಗಿದ ಮೇಲೆ ಟವೆಲ್ ಒಣಹಾಕುವ ತಂತಿಯ ಹಿಂದೆ ಇಬ್ಬರೂ ಕೂತು ಅಂಟಕ್ಕಿ ಅನ್ನವನ್ನು ಸುಟ್ಟ ಮೆಣಸಿನಕಾಯಿ ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದರು. ಆ ಸೀಮೆಯಲ್ಲಿ ಹೆಂಗಸರು ಅಣ್ಣನನ್ನೂ ಗಂಡನನ್ನೂ 'ಆಯ್' ಎಂದೇ ಕರೆಯುವುದು. ಸೆಂಗ್ಲಾ ಅವನನ್ನು ಆಯ್ ಎನ್ನುವಾಗ ಯಾವುದು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಖಮ್ಮೂನನಿಗೂ ಗೊತ್ತಾಗಲು ಎಂಟು ವರ್ಷ ಹಿಡಿಯಿತು.

ಗೊತ್ತಾದ ಮೇಲೆ ಅವನು ಧೈರ್ಯ ಮಾಡಿ ಡಾಕ್ಟರ ಬಳಿಗೆ ಹೋದ. ಡಾಕ್ಟರು ಪ್ರೀತಿಯಿಂದಲೇ ಮಾತಾಡಿಸಿದರು. ಈ ವರ್ಷದ ಪಂದ್ಯಾವಳಿ ಒಂದು ಮುಗಿಯಲಿ ಎಂದರು. ಮರುವರ್ಷ ಹೋದಾಗಲೂ ಅದನ್ನೇ ಅಂದರು. ಮಾತಿನ ಕೊನೆಗೆ, ಅವನೇ ಮಂಜುಗಡ್ಡೆ ಹಾಕುವ ಊರಿನ ಆರು ಹೋಟೆಲುಗಳು ಯಾರ ಮಾತು ಕೇಳುತ್ತವೆ ಎಂದು ಮೆಲ್ಲಗೆ ನೆನಪಿಸಿದರು. ಖಮ್ಮೂನ್ ಒಳ್ಳೆಯವನು, ಆದರೆ ಅವನ ಧೈರ್ಯವೂ ಅವನ ಸರಕಿನಂಥದ್ದೇ; ಬಿಸಿ ತಾಗಿದರೆ ಕರಗುತ್ತಿತ್ತು.

ಇಪ್ಪತ್ತಾರನೆಯ ವರ್ಷ, ಪಂದ್ಯಾವಳಿಗಳಿಗೆ ವಾರ ಹಂಚುವ ಹೊರದೇಶದ ಮಂಡಳಿಯವರು ಚಿಯಾಂಗ್ ಮಾಯ್‌ನ ವಾರವನ್ನು ನವೆಂಬರಿನಿಂದ ಸೆಪ್ಟೆಂಬರ್ ನಡುವಿಗೆ ಸರಿಸಿದರು. ಸೆಪ್ಟೆಂಬರಿನಲ್ಲಿ ಅಲ್ಲಿ ಕಪ್ಪೆಗಳೂ ಜಗುಲಿ ಹತ್ತಿ ಕೂರುತ್ತವೆ. ಕ್ಲಬ್ಬಿನವರು ಹೆದರಿದರು, ಡಾಕ್ಟರು ಹೆದರಲಿಲ್ಲ. ನಮ್ಮ ಹತ್ತಿರ ಸೆಂಗ್ಲಾ ಇದ್ದಾಳೆ ಎಂದರು. ಈ ವಾರ ಒಂದು ಒಣಗಿಯೇ ದಾಟಿದರೆ ಮುಂದಿನ ಐದು ವರ್ಷ ಇದೇ ವಾರವನ್ನು ಒಪ್ಪಿಕೊಳ್ಳುತ್ತೇನೆ ಎಂದು ಮಂಡಳಿಗೆ ಮಾತೂ ಕೊಟ್ಟರು.

ಐದು ವರ್ಷ ಎಂಬುದನ್ನು ಕೇಳಿ ಸೆಂಗ್ಲಾ ಕೈಯಲ್ಲಿದ್ದ ಟವೆಲ್ಲನ್ನು ಮೂರು ಸಲ ಮಡಿಸಿ ಮೂರು ಸಲ ಬಿಚ್ಚಿದಳು. ಆಗ ಅವಳಿಗೆ ಐವತ್ತಮೂರಾಗುತ್ತದೆ. ಸೆಪ್ಟೆಂಬರಿನ ಮಳೆಯನ್ನೇ ತಡೆದವಳನ್ನು ಆಮೇಲಾದರೂ ಯಾರು ಬಿಡುತ್ತಾರೆ?

ಖಮ್ಮೂನನಿಗೆ ಒಂದು ಉಪಾಯ ಹೊಳೆಯಿತು. "ಈ ಸಲ ಬುಡ ಕೆಳಗೆ ಮಾಡಿ ನೆಟ್ಟುಬಿಡು. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ, ಆಯ್."

"ಒಂದೇ ಒಂದು ಸಲ."

"ಕೆಲಸ ಅಂದ್ರೆ ಕೆಲಸ. ಕೊಳೆ ಟವೆಲ್ ಮಡಿಸಿ ಕೊಟ್ಟಿದೀನಾ ಯಾವತ್ತಾದ್ರೂ?"

ಹೇಳಿದಂತೆಯೇ, ಎಲ್ಲರೂ ನೋಡುತ್ತಿರುವಾಗ, ತುದಿ ಮಣ್ಣಿಗೆ ಬುಡ ಆಕಾಶಕ್ಕೆ ಮಾಡಿ ಕ್ರಮವಾಗಿ ನೆಟ್ಟಳು. ಮಿಕ್ಕದ್ದನ್ನು ಸೆಪ್ಟೆಂಬರಿಗೆ ಬಿಟ್ಟಳು.

ಸೆಪ್ಟೆಂಬರ್ ಕೈಕೊಟ್ಟಿತು. ಸೋಮವಾರ ಬೆಟ್ಟದ ಮೇಲೆ ಕೂತ ಮೋಡ ಅಲ್ಲೇ ಕೂತಿತು. ಮಂಗಳವಾರ ಬಿಸಿಲು. ಪಂದ್ಯದ ಮೇಲ್ವಿಚಾರಕಿ, ಫ್ರಾನ್ಸಿನ ಹೆಂಗಸು, ಫೋನಿನಲ್ಲಿ ಮೋಡದ ನಕ್ಷೆ ನೋಡಿ ನೋಡಿ ತಲೆ ಕೆರೆದುಕೊಂಡಳು. ಡಾಕ್ಟರು ಅವಳನ್ನು ಕರೆದೊಯ್ದು ಮೂರು ದಂಟು ಹುಲ್ಲನ್ನು ತೋರಿಸಿದರು. ಆ ದಿನ ಕ್ಲಬ್ಬಿನಲ್ಲಿ ಸಂತೋಷವಿಲ್ಲದವರು ಇಬ್ಬರೇ. ಒಬ್ಬಳು ಒಣಗಿದ ಟವೆಲ್ಲುಗಳ ನಡುವೆ ನಿಂತು ಬೆಟ್ಟದ ಕಡೆ ಗುರಾಯಿಸುತ್ತಿದ್ದಳು. ಇನ್ನೊಬ್ಬನ ಗಾಡಿಯ ಬ್ಯಾಟರಿ ಅದೇ ಸಂಜೆ, ಅವಳಿಗೆ ಕುಂಬಳಕಾಯಿ ಕೊಡಲು ಹೋದಾಗ, ಸರಿಯಾಗಿ ಅವಳ ಮನೆಯ ಮುಂದೆ ಸತ್ತುಹೋಯಿತು. ಅವನು ಗಾಡಿಯನ್ನು ಅಲ್ಲೇ ಬಿಟ್ಟು ನಡೆದುಕೊಂಡೇ ಮನೆಗೆ ಹೋದ. ನಡೆದು ಹೋದವನನ್ನು ಯಾರೂ ನೋಡಲಿಲ್ಲ. ನಿಂತ ಗಾಡಿಯನ್ನು ಬೆಳಗಿನವರೆಗೆ ಇಡೀ ಬೀದಿ ನೋಡಿತು.

ಬುಧವಾರ ಮಧ್ಯಾಹ್ನ ಮೋಡ ಬೆಟ್ಟ ಇಳಿಯಿತು. ಒಂಬತ್ತೂ ಅಂಕಣ ಕೆರೆಯಾದವು. ಗುರುವಾರವೂ ಬಿಡಲಿಲ್ಲ. ಜನ ಮೊದಲು ಆಕಾಶ ನೋಡಿದರು, ಆಮೇಲೆ ಹುಲ್ಲು ನೋಡಿದರು. ಹುಲ್ಲು ನೆಟ್ಟಗೆ, ಅಂದರೆ ತಲೆಕೆಳಗೆ, ಕ್ರಮವಾಗಿಯೇ ಇತ್ತು. ಹಾಗಾಗಿ ನೆಟ್ಟವಳನ್ನು ನೋಡಿದರು. ಅಷ್ಟರಲ್ಲಿ ಬೀದಿಯಿಂದ ಗಾಡಿಯ ಸುದ್ದಿ ಬಂತು.

ಖಮ್ಮೂನ್ ಗಾಡಿಯಿಂದ ಬ್ಯಾಟರಿ ಬಿಚ್ಚಿದ. ಸತ್ತ ಬ್ಯಾಟರಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಕ್ಲಬ್ಬಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸುತ್ತ ಹೊರಟ. ಮುಟ್ಟಿ ನೋಡಿ, ಜೀವವೇ ಇಲ್ಲ ಎನ್ನುತ್ತಿದ್ದ. ಅಡುಗೆಯವರು ಬಹಳ ಗಂಭೀರವಾಗಿ ಮುಟ್ಟಿ ನೋಡಿ, ಪಾಪ, ರಾತ್ರಿಯೆಲ್ಲ ದುಡಿದಿದೆ ಎಂದರು. ಅವನು ಹೇಳಿದಷ್ಟೂ ಕಥೆ ದಪ್ಪವಾಯಿತು.

ಟವೆಲ್ಲಿನ ಕೋಣೆಗೂ ಅವನು ಬ್ಯಾಟರಿ ಹೊತ್ತುಕೊಂಡೇ ಬಂದ. ನಿನ್ನ ಹೆಸರು ಉಳಿಸದೆ ಬಿಡಲ್ಲ ಎಂದ.

"ಮೊದಲು ಅದನ್ನ ಕೆಳಗಿಡಿ," ಎಂದಳು ಸೆಂಗ್ಲಾ. "ಇಪ್ಪತ್ತೈದು ವರ್ಷ ನನ್ನ ಹೆಸರು ಚೆನ್ನಾಗಿತ್ತು ಆಯ್. ಅದರಿಂದ ನನಗೇನು ಸಿಕ್ತು? ಮೂರು ದಂಟು ಹುಲ್ಲು. ನೀವು ಈಗ ಇದನ್ನ ಉಳಿಸಿಬಿಟ್ರೆ ಎಪ್ಪತ್ತರವರೆಗೂ ನೆಡ್ತಾ ಇರಬೇಕಾಗುತ್ತೆ."

ಖಮ್ಮೂನ್ ಯೋಚಿಸಿದ. ಅವನು ಯೋಚಿಸುವುದು ನಿಧಾನ, ಆದರೆ ಪೂರ್ತಿ ಯೋಚಿಸುತ್ತಿದ್ದ. "ಹಾಗಾದ್ರೆ ಸುಳ್ಳು ಹೇಳ್ಬೇಕಾ?"

"ಯಾರು ಸುಳ್ಳು ಹೇಳಿ ಅಂದ್ರು? ಕೇಳಿದ್ದಕ್ಕೆ ನಿಜ ಹೇಳಿ. ಕೇಳದೇ ಇದ್ದದ್ದನ್ನ ಹೇಳ್ಬೇಡಿ."

ಅವನು ಬ್ಯಾಟರಿಯನ್ನು ಕೆಳಗಿಟ್ಟ.

ಮೊದಲು ಬಂದದ್ದು ಡಾಕ್ಟರ ಹೆಂಡತಿ ಸಿರಿಲಕ್. ಬಾಗಿಲು ಹಾಕಿಕೊಂಡು, ಸುತ್ತುಬಳಸಿ, ಹವಾಮಾನದಿಂದ ಹಿಡಿದು ಹೆಂಗಸರ ಕಷ್ಟಸುಖದವರೆಗೆ ಮಾತಾಡಿ, ಕೊನೆಗೆ ಕೇಳಬೇಕಾದ್ದನ್ನು ಕೇಳಿದಳು. ಸೆಂಗ್ಲಾ ತಲೆ ತಗ್ಗಿಸಿದಳು. ತಗ್ಗಿಸಿದ್ದು ನಗು ಮುಚ್ಚಲಿಕ್ಕೆ. ಸಿರಿಲಕ್‌ಗೆ ಕಂಡದ್ದು ಬೇರೆ.

"ಅಕ್ಕಾ, ನಾನು ನೆಟ್ಟಿದ್ದನ್ನ ನೀವೇ ನೋಡಿದೀರಿ. ಮಳೆ ಬಂದಿದ್ದನ್ನೂ ನೋಡ್ತಾ ಇದೀರಿ. ನಾನಿನ್ನೇನು ಹೇಳ್ಲಿ?"

ಸಿರಿಲಕ್ ಅವಳ ಕೈಯನ್ನೊಮ್ಮೆ ಒತ್ತಿ ಎದ್ದಳು. ಹೊರಗೆ ಬಂದವಳು ಗಂಡನಿಗೆ ಹೇಳಿದ ಮಾತು ಚಿಕ್ಕದು: ಆ ಹೆಣ್ಣನ್ನು ಇಷ್ಟು ವರ್ಷ ಕಾಯಿಸಿದ್ದು ನೀವು, ಅನುಭವಿಸಿ.

ಡಾಕ್ಟರು ಖಮ್ಮೂನನನ್ನು ಕರೆಸಿದರು. ಅವರ ಮುಂದಿನ ಮೇಜಿನ ಮೇಲೆ ಫೈನಲ್ಲಿನ ಟಿಕೇಟಿನ ಕಟ್ಟುಗಳು, ಹಿಂದಿನ ಕಿಟಕಿಯಲ್ಲಿ ಮಳೆ.

"ನಿನ್ನ ಗಾಡಿ ಅವಳ ಮನೆ ಮುಂದೆ ಇತ್ತೋ ಇಲ್ವೋ?"

"ಇತ್ತು, ಡಾಕ್ಟ್ರೇ."

"ಎಲ್ಲೀವರೆಗೆ?"

"ಬೆಳಗಾಗೋವರೆಗೆ."

ನೀನು ಎಲ್ಲಿದ್ದೆ ಎಂದು ಕೇಳಬಹುದಿತ್ತು. ಡಾಕ್ಟರು ಮರ್ಯಾದಸ್ಥರು, ಕೇಳಲಿಲ್ಲ. ಅಭ್ಯಾಸಬಲದಿಂದ ಬಾಯಿ ತೆರೆ ಎಂದರು. ಖಮ್ಮೂನ್ ತೆರೆದ. ಹುಟ್ಟಿದಾಗಿನಿಂದ ಮಂಜುಗಡ್ಡೆ ಕಡಿದು ಬೆಳೆದವನ ಹಲ್ಲು. ಮೂವತ್ತೆರಡೂ ಗೋಡೆಯ ಇಟ್ಟಿಗೆಯಂತೆ ಕೂತಿದ್ದವು. ಡಾಕ್ಟರು ಟಾರ್ಚ್ ಆರಿಸಿ ನಿಟ್ಟುಸಿರು ಬಿಟ್ಟರು.

ಆ ಊರಿನಲ್ಲಿ ಇಂಥದ್ದಕ್ಕೆ ಹಳೆಯದೊಂದು ಕ್ರಮವಿದೆ. ಮದುವೆಗೆ ಮೊದಲು ಗಂಡು ಹೆಣ್ಣು ತಪ್ಪು ಮಾಡಿದರೆ ನೊಂದುಕೊಳ್ಳುವುದು ಹೆಣ್ಣಿನ ತಾಯಿ ಕಡೆಯ ಹಿರೀಕರು, ಸತ್ತು ಮನೆಯ ಮೂಲೆಯಲ್ಲಿ ಮಂದಾಸನ ಹಿಡಿದು ಕೂತವರು. ಗಂಡು ಅವರಿಗೆ ಹಂದಿಯ ತಲೆ, ಎರಡು ಬೇಯಿಸಿದ ಕೋಳಿ, ಅಕ್ಕಿ ಸಾರಾಯಿ ಒಪ್ಪಿಸಬೇಕು. ಒಪ್ಪಿಸಿದರೆ ಅವರ ಕೋಪ ಇಳಿಯುತ್ತದೆ, ಇವರಿಬ್ಬರೂ ಗಂಡಹೆಂಡಿರು ಎಂದು ಲೆಕ್ಕ. ಮಳೆ ಸುರಿಯುತ್ತಿರುವುದು ಆ ಕೋಪದಿಂದಲೇ ಎಂದು ಡಾಕ್ಟರಿಗೆ ಈಗ ಅನುಮಾನವಿರಲಿಲ್ಲ. ಭಾನುವಾರ ಫೈನಲ್. ಶುಕ್ರವಾರವೇ ಕಾಣಿಕೆ ಆಗಬೇಕು ಎಂದರು. ಪಂದ್ಯಾವಳಿ ಮುಗಿಯುವವರೆಗೆ ಮದುವೆ ಬೇಡ ಎಂದು ಇಷ್ಟು ವರ್ಷ ತಡೆದವರು, ಪಂದ್ಯಾವಳಿ ಮುಗಿಯಬೇಕಾದರೆ ಮದುವೆ ಆಗಲೇಬೇಕು ಎಂದು ಹಂದಿಯ ತಲೆಗಾಗಿ ತಾವೇ ಕೊಡೆ ಹಿಡಿದು ಸಂತೆಗೆ ಹೋದರು. ಮಂಜುಗಡ್ಡೆಯ ಹೋಟೆಲುಗಳ ಮಾತು ಅವರಿಗೂ ನೆನಪಾಗಲಿಲ್ಲ, ಖಮ್ಮೂನನಿಗೂ ನೆನಪಾಗಲಿಲ್ಲ.

ಹಿರೀಕರನ್ನು ನೋಡಿಕೊಳ್ಳುತ್ತಿದ್ದವಳು ಸೆಂಗ್ಲಾಳ ದೊಡ್ಡಮ್ಮ ಬುವಾ, ಎಂಬತ್ತು ದಾಟಿದ ಮುದುಕಿ. ಶುಕ್ರವಾರ ಬೆಳಿಗ್ಗೆ ಅವಳ ಹಳೇ ತೇಗದ ಮನೆಯಲ್ಲಿ ಎಲ್ಲರೂ ಸೇರಿದರು. ಡಾಕ್ಟರೂ ಸಿರಿಲಕ್ಕೂ ಈ ಸಲ ಗಂಡಿನ ಕಡೆಯ ಹಿರಿಯರಾಗಿ ಚಾಪೆಯ ಮೇಲೆ ಕೂತರು. ಹಂದಿಯ ತಲೆ ತಟ್ಟೆಯಲ್ಲಿ ಕಣ್ಣುಮುಚ್ಚಿ ನಗುತ್ತಿತ್ತು. ಖಮ್ಮೂನನಿಗೆ ಹೊಸ ಅಂಗಿ ಬಿಗಿಯಾಗಿ, ಅಡ್ಡಬೀಳುವಾಗ ಒಂದು ಗುಂಡಿ ಹಾರಿ ಕೋಳಿಯ ತಟ್ಟೆಗೆ ಬಿತ್ತು. ಯಾರೂ ನಗಲಿಲ್ಲ, ಬಹಳ ಕಷ್ಟಪಟ್ಟು.

ಬುವಾ ಊದುಬತ್ತಿ ಹಚ್ಚಿ ಮೂಲೆಯ ಕಡೆ ತಿರುಗುವ ಮುನ್ನ ಸೆಂಗ್ಲಾಳನ್ನು ಹತ್ತಿರ ಕರೆದಳು. ಹಿರೀಕರಿಗೆ ಏನು ತಪ್ಪು ಎಂದು ಬಾಯಿಬಿಟ್ಟು ಹೇಳಬೇಕು, ಅವರ ಮುಂದೆ ಮುಚ್ಚುಮರೆ ನಡೆಯುವುದಿಲ್ಲ. ಸೆಂಗ್ಲಾ ಅವಳ ಕಿವಿಯಲ್ಲಿ, ಇದ್ದದ್ದನ್ನು ಇದ್ದಂತೆಯೇ ಹೇಳಿದಳು: ಕುಂಬಳಕಾಯಿ, ಬ್ಯಾಟರಿ, ಅಷ್ಟೇ.

ಬುವಾಳ ಹುಬ್ಬು ಮೇಲೇರಿತು. "ತಪ್ಪೇ ಮಾಡ್ದೆ ದಂಡ ಕಟ್ತಿದೀರಾ?" ಎಂದು ಪಿಸುಗುಟ್ಟಿದಳು. "ನನ್ನ ಆಯಸ್ಸಲ್ಲೇ ಇಂಥದ್ದು ನೋಡಿಲ್ಲ. ಇವರಿಗೆ ಈಗ ಏನಂತ ಹೇಳ್ಲಿ?"

"ಮುಂಗಡ ಅಂತ ಇಟ್ಕೊಳ್ಳೋಕೆ ಹೇಳು, ದೊಡ್ಡಮ್ಮ."

ಮುದುಕಿಯ ಭುಜ ಎರಡು ಸಲ ಕುಲುಕಿತು. ಹಿಂದೆ ಕೂತ ಡಾಕ್ಟರು ಅಳುತ್ತಿದ್ದಾಳೆಂದುಕೊಂಡು ಕೈಮುಗಿದರು. ಬುವಾ ಹಿರೀಕರಿಗೆ ಬಹಳ ಹೊತ್ತು ಏನೇನೋ ಹೇಳಿದಳು, ಲೋಟಕ್ಕೆ ಸಾರಾಯಿ ಬಗ್ಗಿಸಿದಳು, ಸ್ವಲ್ಪ ಯೋಚಿಸಿ ಇನ್ನೂ ಒಂದು ಲೋಟ ಬಗ್ಗಿಸಿದಳು. ಆಮೇಲೆ ಈ ಕಡೆ ತಿರುಗಿ, ಒಪ್ಪಿಕೊಂಡರು ಎಂದು ಸಾರಿದಳು. ಮಳೆಯ ವಿಚಾರ ಏನಂದರು ಎಂದು ಡಾಕ್ಟರು ಕೇಳಿದರು. ಅದು ಅವರ ಇಲಾಖೆಯಲ್ಲವಂತೆ ಎಂದು ಹೇಳಿ, ಬುವಾ ಗಂಡಹೆಂಡಿರ ಮಣಿಕಟ್ಟಿಗೆ ಬಿಳಿ ದಾರ ಕಟ್ಟಲು ಶುರುಮಾಡಿದಳು.