ಹಸಿರು ಕಾರಿನ ಅಡಿಯ ತಗಡು

2023ರ ಜನವರಿಯಲ್ಲಿ ಹಾವೇರಿಯ ಹೊರಗೆ, ಹೆದ್ದಾರಿಯ ಬದಿಗೆ ನನ್ನದೊಂದು ಗ್ಯಾರೇಜ್ ಇತ್ತು, ಬೋರ್ಡಿನ ಮೇಲೆ ದಾವಲಸಾಬ್ ಎಂದು ನನ್ನ ಹೆಸರು. ಮೂವತ್ತೊಂದು ವರ್ಷ ನಡೆಸಿದ್ದೆ. ಎಂಜಿನ್ ಸದ್ದು ಕೇಳಿಯೇ ರೋಗ ಹೇಳಬಲ್ಲೆ ಎಂಬ ಹಮ್ಮು ನನಗಿತ್ತು, ಹೇಳುತ್ತಲೂ ಇದ್ದೆ. ಗಿರಾಕಿಗಳು ಏನಾದರೂ ವಿವರಿಸಲು ಬಾಯಿ ತೆರೆದರೆ, "ನೀವು ಚಾ ಕುಡೀರಿ, ಗಾಡಿ ತಾನ ಹೇಳತೈತಿ" ಎಂದು ಕೂರಿಸಿಬಿಡುತ್ತಿದ್ದೆ. ಜನ ಅದನ್ನು ಮೆಚ್ಚಿಕೊಂಡಿದ್ದರು. ಈಗ ಗ್ಯಾರೇಜ್ ಇಲ್ಲ. ಯಾಕೆ ಮುಚ್ಚಿದಿರಿ ಎಂದು ಕೇಳಿದವರಿಗೆಲ್ಲ ಮೊಣಕಾಲು ನೋವು ಎಂದು ಹೇಳುತ್ತ ಬಂದಿದ್ದೇನೆ. ಅದು ಸುಳ್ಳು.

ಸಂಕ್ರಾಂತಿ ಕಳೆದ ಮೊದಲ ಶುಕ್ರವಾರ, ಬೆಳಿಗ್ಗೆ ಹನ್ನೊಂದೂವರೆಗೆ, ಅಡಿಯಿಂದ ಕಟಕಟ ಸದ್ದು ಮಾಡುತ್ತ ಒಂದು ಹಸಿರು ಕಾರು ಬಂದು ನಿಂತಿತು. ಎರಡೇ ಸೀಟು, ಕ್ಯಾನ್ವಾಸ್ ಚಾವಣಿ, ನೆಲದಿಂದ ಒಂದು ಗೇಣೂ ಮೇಲಿಲ್ಲದ ಹೊಟ್ಟೆ. ಹೊರದೇಶದ ಸ್ಪೋರ್ಟ್ಸ್ ಕಾರು, ಐವತ್ತು ವರ್ಷ ಹಳೆಯದು. ನಾನೂ ನನ್ನ ವೆಲ್ಡರ್ ಈರಪ್ಪನೂ ಕೈಯಲ್ಲಿದ್ದ ಕೆಲಸ ಬಿಟ್ಟು ಅದನ್ನೊಂದು ಸುತ್ತು ಹಾಕಿ ನೋಡಿದೆವು. ಅಂಥ ಗಾಡಿ ನಮ್ಮ ಗ್ಯಾರೇಜಿಗೆ ಅದೇ ಮೊದಲು, ಅದೇ ಕೊನೆ.

ಓಡಿಸುತ್ತಿದ್ದವರು ಅರವತ್ತೈದರ ಆಸುಪಾಸಿನ ಹೆಂಗಸು. ಕಾಟನ್ ಸೀರೆ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ. ಹೆಸರು ವಿಮಲಾ, ಧಾರವಾಡದಲ್ಲಿ ಹೈಸ್ಕೂಲ್ ಟೀಚರ್ ಆಗಿ ನಿವೃತ್ತರಾದವರು. ಪಕ್ಕದಲ್ಲಿ ಅವರ ಯಜಮಾನರು ಪ್ರಭಾಕರ ರಾಯರು, ಒಂದು ಕಾಲದ ಇಂಜಿನಿಯರ್. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡೂ ಕೈಯನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟು ಕೂತಿದ್ದರು. ಇಳಿಯುವ ಮೊದಲು, "ವಿಮಲಾ, ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳಿ" ಎಂದರು. ಧ್ವನಿ ಗಟ್ಟಿಯಾಗಿತ್ತು.

ಇಳಿದು ಕುರ್ಚಿಯಲ್ಲಿ ಕೂತ ಎರಡೇ ನಿಮಿಷಕ್ಕೆ ಅವರು ಬೇರೆಯೇ ಮನುಷ್ಯರಾದರು. ನೀರು ಕೊಟ್ಟ ಹೆಂಡತಿಗೆ, "ಉಪಕಾರ ಆತು ಬಾಯಿ. ನಿಮ್ಮ ಮಂದಿ ಎಲ್ಲಿ ಹೋಗ್ಯಾರ?" ಎಂದು ಕೇಳಿದರು.

ನಾನು ಕಣ್ಣು ಬಿಟ್ಟಿದ್ದನ್ನು ವಿಮಲಾ ಅವರು ನೋಡಿದರು. "ಮರೆವಿನ ರೋಗ ರೀ, ದಾವಲಸಾಬ್ರ. ಮನ್ಯಾಗ ನಾ ಯಾರು ಅಂತ ಗೊತ್ತಾಗೂದಿಲ್ಲ. ಈ ಗಾಡ್ಯಾಗ ಕುಂತ್ರ ಮಾತ್ರ ಎಲ್ಲಾ ನೆನಪಾಗ್ತದ. ವಿಮಲಾ ಅಂತಾರ, ಗೇರ್ ಹಾಕೂದು ಕಲಸ್ತಾರ, ಬೈತಾರ. ಅದಕ್ಕ ಪ್ರವಾಸ ಹೊಂಟೇನಿ. ಮದುವಿ ಆದ ವರ್ಷ ಇದ ಗಾಡ್ಯಾಗ ಹೋಗಿದ್ವಿ, ಬ್ಯಾಡಗಿ, ರಾಣೇಬೆನ್ನೂರು, ಮೈಸೂರು. ಅದ ದಾರಿ. ಹದಿನೈದು ದಿನ ಗಾಡಿ ಬಿಟ್ಟು ಇಳೀಬಾರದು ಅಂದ್ಕೊಂಡೇನಿ." ನಕ್ಕರು. ಆ ನಗುವಿನಲ್ಲಿ ದಣಿವಿತ್ತು, ಆಸೆಯೂ ಇತ್ತು.

ಗಾಡಿಯನ್ನು ಜಾಕ್ ಮೇಲೆ ಎತ್ತಿದೆ. ಎಂಜಿನ್ನಿನ ಬಿಸಿ ಹೊಗೆಯನ್ನು ಹಿಂದಕ್ಕೆ ಒಯ್ಯುವ ಎಕ್ಸಾಸ್ಟ್ ಪೈಪಿನ ಕೆಳಗೆ ಎರಡಡಿ ಉದ್ದದ ಒಂದು ತಗಡು. ನಾಲ್ಕು ಬೋಲ್ಟ್‌ಗಳಲ್ಲಿ ಎರಡು ಉದುರಿದ್ದವು, ತೂತುಗಳು ಹಿಗ್ಗಿದ್ದವು. ಸದ್ದು ಅದರದ್ದೇ. ತಗಡು ಕಂಪನಿಯದಲ್ಲ, ಯಾರೋ ಕೈಯಿಂದ ಬಗ್ಗಿಸಿ ಕೂರಿಸಿದ್ದು. ಸರಿಯಾಗಿ ಕಟ್ಟಬೇಕೆಂದರೆ ಹೊಸ ಕ್ಲ್ಯಾಂಪ್ ಮಾಡಿ ಬೆಸುಗೆ ಹಾಕಬೇಕು, ಒಂದೂವರೆ ತಾಸಿನ ಕೆಲಸ. ಅಂದು ಜುಮ್ಮಾ. ಹನ್ನೆರಡೂವರೆಗೆ ಶಟರ್ ಎಳೆದು ಮಸೀದಿಗೆ ಹೋಗಬೇಕಿತ್ತು. ಉಳಿದ ಎರಡು ಬೋಲ್ಟ್ ಬಿಚ್ಚಿ ತಗಡನ್ನು ಕೆಳಗಿಳಿಸಿದೆ.

"ಅದನ್ನ ತೆಗೀಬ್ಯಾಡ್ರಿ. ಹುರುಳಿ ಸುಡ್ತದ." ರಾಯರು ಕುರ್ಚಿಯಿಂದಲೇ ಹೇಳಿದರು.

ಈರಪ್ಪ ನನ್ನ ಮುಖ ನೋಡಿ, "ಅಜ್ಜಾರಿಗೆ ಹುರುಳಿ ಸಾರಿನ ನೆನಪಾಗೇತಿ" ಎಂದ. ಇಬ್ಬರೂ ನಕ್ಕೆವು. ಅವರು ಎದ್ದು ಬಂದು, ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಪೈಪಿನತ್ತ ಬೆರಳು ತೋರಿಸಿ ಅದೇ ಮಾತನ್ನು ಮತ್ತೆ ಹೇಳಿದರು. ನಾನು ಜಾಕ್ ಇಳಿಸಿ, ಅವರ ತೋಳು ಹಿಡಿದು ಕಾರಿನಲ್ಲಿ ಕೂರಿಸಿದೆ. ಕೂತವರೇ, "ವಿಮಲಾ, ತಗಡು ಹಾಕಿಸು. ಹುರುಳಿ ಸುಡ್ತದ" ಎಂದರು. ಹೆಸರು ಹಿಡಿದು ಕರೆದಿದ್ದರು. ಗಾಡಿಯಲ್ಲಿ ಕೂತಾಗ ಎಲ್ಲ ನೆನಪಾಗುತ್ತದೆ ಎಂಬ ಮಾತು ಕೇಳಿ ಇನ್ನೂ ಅರ್ಧ ತಾಸು ಆಗಿರಲಿಲ್ಲ.

ಆಕೆ ಅನುಮಾನದಿಂದ ನನ್ನನ್ನು ನೋಡಿದರು. "ಮೂರು ಸಲ ಅಂದ್ರಲ್ರಿ. ಏನರ ಬೇಕಾಗಿದ್ದ ಇರಬೇಕು."

"ಏನೂ ಆಗೂದಿಲ್ರಿ ಅಕ್ಕಾರ. ಅದು ಕಂಪನಿದಲ್ಲ, ಸುಮ್ನ ಭಾರ. ಬ್ಯಾಡಗಿಯಿಂದ ಮುಂದ ಒಳದಾರಿ ಹಿಡೀರಿ, ಲಾರಿ ಕಾಟ ಇರಂಗಿಲ್ಲ." ಹೀಗೆ ಹೇಳಿ ನನ್ನ ಫೋನ್ ನಂಬರಿನ ಕಾರ್ಡು ಕೊಟ್ಟು ಕಳಿಸಿದೆ. ತಗಡನ್ನು ಗುಜರಿ ರಾಶಿಗೆ ಎಸೆದೆ. ನಮಾಜಿನ ಹೊತ್ತಿಗೆ ಸರಿಯಾಗಿ ತಲುಪಿದೆ.

ನಮ್ಮ ಸೀಮೆಯವರಿಗೆ ವಿವರಿಸಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಜನವರಿಯಲ್ಲಿ ಹುರುಳಿ ಕಿತ್ತು ಒಣಗಿದ ಬಳ್ಳಿಯನ್ನು ಡಾಂಬರು ರಸ್ತೆಯ ಮೇಲೆ ಮೊಣಕಾಲೆತ್ತರ ಹಾಸುತ್ತಾರೆ. ಬಸ್ಸು, ಟ್ರ್ಯಾಕ್ಟರ್ ಹಾದು ಕಾಳು ಉದುರುತ್ತದೆ. ಈಗ ಕಣ ಮಾಡುವವರು ಕಡಿಮೆ, ರಸ್ತೆಯೇ ಕಣ. ಎತ್ತರದ ಗಾಡಿಗೆ ತೊಂದರೆಯಿಲ್ಲ. ತಗ್ಗಿನ ಗಾಡಿಗೆ ಬಳ್ಳಿ ಅಡಿಯಲ್ಲಿ ಸುತ್ತಿಕೊಳ್ಳುತ್ತದೆ, ಬಿಸಿ ಪೈಪಿಗೆ ತಗಲಿದರೆ ಹೊತ್ತಿಕೊಳ್ಳುತ್ತದೆ. ನಾನೇ ಎಷ್ಟೋ ಕಾರುಗಳ ಅಡಿ ಮಲಗಿ ಕುಡುಗೋಲಿನಿಂದ ಅದನ್ನು ಕೊಯ್ದು ತೆಗೆದಿದ್ದೇನೆ. ಒಳದಾರಿಯಲ್ಲಿ ಆ ವಾರ ಹುರುಳಿ ಹಾಸಿರುತ್ತಾರೆಂದು ನನಗೆ ಗೊತ್ತಿತ್ತು. ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಒಂದಕ್ಕೊಂದು ಜೋಡಿಸಲಿಲ್ಲ.

ಎರಡೂಕಾಲಿಗೆ ಫೋನ್ ಬಂತು. ಆಕೆ ಅಳುತ್ತಿರಲಿಲ್ಲ. "ಗಾಡಿಗೆ ಬೆಂಕಿ ಹತ್ತೇದ್ರಿ. ನಾವು ಇಳದೇವಿ" ಎಂದಷ್ಟೇ ಹೇಳಿದರು. ಈರಪ್ಪನ ಬೈಕಿನಲ್ಲಿ ಹೋದೆವು. ಬ್ಯಾಡಗಿ ದಾಟುವಾಗ ಮೆಣಸಿನಕಾಯಿ ಘಾಟಿಗೆ ಇಬ್ಬರೂ ಕೆಮ್ಮಿದೆವು. ಮುಂದೆ ಆರೇಳು ಕಿಲೋಮೀಟರಿಗೆ ಹೊಗೆ ಕಂಡಿತು.

ಕಾರು ಉಳಿದಿರಲಿಲ್ಲ. ಚಾವಣಿ, ಸೀಟು, ಡ್ಯಾಶ್‌ಬೋರ್ಡ್ ಎಲ್ಲ ಹೋಗಿ ಬರೀ ಹಂದರ ನಿಂತಿತ್ತು. ಸುತ್ತಲಿನ ಹುರುಳಿಯೂ ಬೂದಿಯಾಗಿತ್ತು. ಹುರುಳಿ ಹಾಸಿದ ಗಂಡ ಹೆಂಡತಿ ಕೊಡದಿಂದ ನೀರು ಸುರಿದು ಸುರಿದು ಸೋತಿದ್ದರು. ಆ ರೈತ ವಿಮಲಾ ಅವರಿಗೆ ಕೈಮುಗಿದು, "ತಪ್ಪಾತ್ರಿ ಯವ್ವಾ, ರಸ್ತೇದಾಗ ಹಾಸಿದ್ದ ನಮ್ದ ತಪ್ಪು" ಎಂದು ಅಳುತ್ತಿದ್ದ. ತಪ್ಪು ನನ್ನದು ಎಂದು ಆಗ ಹೇಳಬೇಕಿತ್ತು. ಅವನು ಅಳುವುದನ್ನು ನೋಡುತ್ತ ನಿಂತೆ. ಇಷ್ಟು ನಾಚಿಕೆಯ ಕೆಲಸ ನಾನು ಜೀವನದಲ್ಲಿ ಇನ್ನೊಂದು ಮಾಡಿಲ್ಲ.

ರಾಯರು ಹುಣಸೆಮರದ ಬುಡದಲ್ಲಿ ಕೂತಿದ್ದರು. ಮೈಗೆ ಏನೂ ಆಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಹೆಂಡತಿಯ ಹತ್ತಿರ ಬಂದು ಬಹಳ ಮರ್ಯಾದೆಯಿಂದ ಕೇಳಿದರು: "ಬಾಯಿ, ನಮ್ಮ ವಿಮಲಾ ಮನ್ಯಾಗ ದಾರಿ ಕಾಯ್ತಿರ್ತಾಳ. ನನ್ನ ಧಾರವಾಡ ಬಸ್ಸಿಗೆ ಹತ್ತಸ್ತೀರೇನು?"

ಆಕೆ ಸುಟ್ಟ ಗಾಡಿಯ ಕಡೆ ಒಮ್ಮೆ ನೋಡಿದರು. "ಹತ್ತಸ್ತೇನಿ, ಬರ್ರಿ" ಎಂದು ಅವರ ಕೈ ಹಿಡಿದರು.

ಎಂಟು ತಿಂಗಳು ನಾನು ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ಗುಜರಿ ರಾಶಿ ಕೆದಕಿ, ಆ ತಗಡು ಹುಡುಕಿ, ಚೀಲದಲ್ಲಿ ಸುತ್ತಿಕೊಂಡು ಧಾರವಾಡಕ್ಕೆ ಹೋದೆ. ತಪ್ಪು ನನ್ನದು ಎಂದು ಅಲ್ಲಿ ಹೇಳಿದೆ. ವಿಮಲಾ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಗಡನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ಸವರಿದರು.

"ಮದುವಿ ಆದ ವರ್ಷ ಅದ ಬ್ಯಾಡಗಿ ದಾರ್‍ಯಾಗ ಬಳ್ಳಿ ಸಿಕ್ಕೊಂಡು ಹೊಗಿ ಬಂದಿತ್ತು. ಬರಿಗೈಲೆ ಕಿತ್ತಿದ್ರು, ಅಂಗೈ ಸುಟ್ಟಿತ್ತು. ಊರಿಗೆ ಬಂದು ಇದನ್ನ ತಾವ ಬಗ್ಗಿಸಿ ಹಾಕಿದ್ರು. ನನಗ ಮರತ ಹೋಗಿತ್ರಿ, ದಾವಲಸಾಬ್ರ. ಅವರಿಗೆ ನೆನಪಿತ್ತು."

ರಾಯರು ಒಳಗಿನಿಂದ ಬಂದರು. ಹೆಂಡತಿ ತಗಡನ್ನು ಅವರ ಕೈಗೆ ಕೊಟ್ಟರು. ನೆನಪಾಗುತ್ತದೇನೋ ಎಂದು ನಾನು ನೋಡಿದೆ. ತಿರುಗಿಸಿ ಮುರುಗಿಸಿ ನೋಡಿ, "ಚಲೋ ಕೆಲಸ ಅದ. ಯಾರು ಮಾಡ್ಯಾರ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಟೀಪಾಯಿಯ ಮೇಲಿಟ್ಟು ಒಳಗೆ ಹೋದರು.

"ಆವತ್ತಿನಿಂದ ಒಂದ ಸಲನೂ ನನ್ನ ಹೆಸರು ಕರದಿಲ್ಲ" ಎಂದರು ವಿಮಲಾ.

ಮರುವಾರ ಗ್ಯಾರೇಜ್ ಮುಚ್ಚಿದೆ. ಈರಪ್ಪ ಈಗ ಗುತ್ತಲದಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾನೆ. ಕೆಲಸ ಕಲಿಯಲು ಬಂದವರಿಗೆ ಏನಾದರೂ ಬುದ್ಧಿ ಹೇಳಿ ಎಂದು ಒಮ್ಮೆ ಕರೆದಿದ್ದ. ಯಾರೋ ಕೈಯಾರೆ ಕೂರಿಸಿದ ತಗಡು ಕಂಡರೆ, ಬಿಚ್ಚುವ ಮೊದಲು ಯಾಕೆ ಕೂರಿಸಿದ್ದಾರೆಂದು ಕೇಳಿ, ಹೇಳುವವನು ಎಂಥವನೇ ಇರಲಿ ಬೋಲ್ಟ್ ತಿರುಗಿಸುವ ಪಾನಾ ಕೆಳಗಿಟ್ಟು ಕೇಳಿಸಿಕೊಳ್ಳಿ ಎಂದೆ. ಅವರು ತಲೆಯಾಡಿಸಿದರು. ರಾಯರು ನನಗೆ ಮೂರು ಸಲ ಹೇಳಿದ್ದರು ಎಂಬುದನ್ನು ಅವರಿಗೆ ಹೇಳಲಾಗಲಿಲ್ಲ.