ಜೂನ್ ಒಂದರ ಅವಳಿಗಳ ಹಡಗು ವಿಮೆ

ನಾನೂ ನನ್ನ ಅಕ್ಕನೂ ಅವಳಿಗಳು. ಇದು ಸರ್ಕಾರದ ಮಾತು, ನಮ್ಮ ಅವ್ವನದಲ್ಲ. ಇಬ್ಬರ ಆಧಾರ್ ಕಾರ್ಡಿನಲ್ಲೂ ಜನ್ಮದಿನ ಜೂನ್ ಒಂದು, ವರ್ಷವೂ ಒಂದೇ. ನಿಜದಲ್ಲಿ ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು. ಅರವತ್ತು ವರ್ಷಗಳಿಂದ ಯಾರ ತಂಟೆಗೂ ಹೋಗದೆ ತೆಪ್ಪಗೆ ಬಿದ್ದುಕೊಂಡಿದ್ದ ಈ ಸುಳ್ಳು, ಹೋದ ವರ್ಷ ಹಡಗಿನ ಪ್ರವಾಸಕ್ಕೆ ವಿಮೆ ಮಾಡಿಸಲು ಹೋದಾಗ ಎದ್ದು ಕೂತಿತು. ಎಬ್ಬಿಸಿದವನು ನಾನೇ.

ಹಡಗಿನ ಆಸೆ ಅಕ್ಕನದು. ಅವಳು ದಾಂಡೇಲಿಯ ಅಂಬೇವಾಡಿಯಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದಾಳೆ. ಸೂಪಾ ಹಿನ್ನೀರನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದಾಳೆ, ಕಾರವಾರದ ಸಮುದ್ರಕ್ಕೂ ಹೋಗಿ ಬಂದಿದ್ದಾಳೆ. ಆದರೂ ಒಂದು ದಿನ ಮೊಮ್ಮಗಳ ಮೊಬೈಲಿನಲ್ಲಿ ಹಡಗಿನ ವಿಡಿಯೊ ನೋಡಿ ಹಳಿಯಾಳಕ್ಕೆ, ನನಗೆ ಫೋನ್ ಮಾಡಿದಳು.

“ಇಷ್ಟ ದಿನಾ ನೀರನ್ನ ದಂಡಿ ಮ್ಯಾಲ ನಿಂತು ನೋಡೇನಿ, ತಮ್ಮಾ. ಒಮ್ಮೆ ನಡುವ ನಿಂತು ನೋಡಬೇಕಂತ ಐತಿ. ನಾಕೂ ಕಡಿ ದಂಡಿ ಕಾಣಬಾರದು.”

ಅಕ್ಕ ಈ ಜನ್ಮದಲ್ಲಿ ನನ್ನಿಂದ ಏನನ್ನೂ ಕೇಳಿದವಳಲ್ಲ. ಕೇಳಿದ್ದು ಇದೊಂದೇ. ಆ ಗಳಿಗೆಯಲ್ಲೇ ಒಪ್ಪಿಕೊಂಡೆ. ನನ್ನ ಹೆಂಡತಿ ಹಡಗಿನ ಹೆಸರು ಕೇಳುತ್ತಲೇ ಎರಡೂ ಕೈ ಮುಗಿದಳು. ಯಲ್ಲಾಪುರದ ಬಸ್ಸಿನ ತಿರುವುಗಳನ್ನೇ ತಡೆಯದ ಹೊಟ್ಟೆ ಅವಳದು. “ನಿಮ್ಮಂಥಾ ಗಟ್ಟಿ ಮಂದಿ ಹೋಗಿ ಬರ್ರಿ,” ಎಂದಳು. ಆ ಮಾತನ್ನು ನಾನು ಹೊಗಳಿಕೆಯೆಂದೇ ತಿಳಿದೆ.

ಗೋವಾದಲ್ಲಿ ಸಂಜೆ ಹಡಗು ಹತ್ತಿ, ಲಕ್ಷದ್ವೀಪದ ಕಡೆ ಹೋಗಿ, ನಾಲ್ಕು ದಿನಕ್ಕೆ ಮರಳುವ ಪ್ರವಾಸ. ಟ್ರಾವೆಲ್ಸ್‌ನವರ ಷರತ್ತು ಒಂದೇ: ಅರವತ್ತು ದಾಟಿದವರು ಹದಿನೈದು ದಿನದೊಳಗೆ ಪ್ರವಾಸ ವಿಮೆಯ ಕಾಗದ ತೋರಿಸಬೇಕು, ಇಲ್ಲದಿದ್ದರೆ ಹಡಗಿನಲ್ಲಿ ಜಾಗವಿಲ್ಲ. ಅದೆಲ್ಲ ನನಗೆ ಬಿಡು ಎಂದು ಅಕ್ಕನಿಗೆ ಹೇಳಿದೆ. ಹಳಿಯಾಳ ತಾಲೂಕಿನ ಶಾಲೆಗಳಲ್ಲಿ ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿ, ಹೆಡ್‌ಮಾಸ್ತರನಾಗಿ ನಿವೃತ್ತನಾದವನು ನಾನು. ಬೇರೆಯವರಿಗೆ ಬಿಸಿ ಮಿರ್ಚಿ ಭಜಿ ಹೇಗೋ ನನಗೆ ಅರ್ಜಿ ಹಾಗೆ. ಒಂದು ಪ್ಲಾಸ್ಟಿಕ್ ಫೈಲು ಕೊಂಡು, ಎಲ್ಲದಕ್ಕೂ ಮೂರು ಮೂರು ಝೆರಾಕ್ಸ್ ಮಾಡಿಸಿ, ಬಸ್ ಸ್ಟ್ಯಾಂಡ್ ಎದುರಿನ ವಿಮೆಯ ಅಂಗಡಿಗೆ ಗತ್ತಿನಿಂದ ಹೋದೆ.

ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ಕಬ್ಬಿನ ಟ್ರ್ಯಾಕ್ಟರುಗಳಿಗೆ ವಿಮೆ ಮಾಡಿಸಿಯೇ ಮನೆ ಕಟ್ಟಿಸಿದವನು. ಎರಡೂ ಆಧಾರ್ ಕಾರ್ಡು ಪಕ್ಕಪಕ್ಕ ಇಟ್ಟು ನೋಡಿದ.

“ಸರ್, ನೀವೂ ಅಕ್ಕಾರೂ ಅವಳಿ ಜವಳಿ ಏನ್ರಿ?”

“ಇಲ್ಲಪಾ, ಆಕಿ ನಾಕು ವರ್ಷ ದೊಡ್ಡಾಕಿ. ನಮ್ಮ ಮಾಸ್ತರು ಹಂಗ ಬರ್ದು ಬಿಟ್ಟಾರ. ಏನ್ ಮಂದಿನೋ ಏನೋ!”

ಅವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. “ನಂದೂ ಜೂನ್ ಒಂದ ಐತ್ರಿ ಸರ್. ಅದನ್ನ ಬರ್ದವ್ರು ನೀವ. ನಮ್ಮ ಅಮ್ಮಿ, ಬಕ್ರೀದ್ ಹಿಂದಿನ ದಿನ ಹುಟ್ಯಾನ ಅಂತ ಹೇಳಾಕ ಹತ್ತಿದ್ರ, ‘ಅದೆಲ್ಲಾ ಬ್ಯಾಡವಾ, ಕೈ ಕಿವಿಗೆ ಮುಟ್ಟತೈತಿ, ಸಾಕು’ ಅಂದ್ರಂತ.”

ಅಂದಿರಲೇಬೇಕು. ನಮ್ಮ ಕಡೆ ಮಗುವಿನ ಬಲಗೈ ತಲೆಯ ಮೇಲಿಂದ ಬಂದು ಎಡಗಿವಿಯನ್ನು ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಯಿತು ಎಂದು ಲೆಕ್ಕ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಆದ್ದರಿಂದ ಮಗು ಹುಟ್ಟಿದ್ದೂ ಜೂನ್ ಒಂದಕ್ಕೆ. ನನ್ನ ಮಾಸ್ತರರು ನನಗೆ ಮಾಡಿದ್ದನ್ನೇ ನಾನು ನೂರಾರು ಮಕ್ಕಳಿಗೆ ಮಾಡಿದ್ದೆ. ಒಬ್ಬ ತಾಯಿಯ ಮಾತನ್ನೂ ಪೂರ್ತಿ ಕೇಳಿದ ನೆನಪಿಲ್ಲ.

ಅವನು ವಿಷಯ ಬಿಡಿಸಿ ಹೇಳಿದ. ಕಾಗದದ ಪ್ರಕಾರ ಇಬ್ಬರಿಗೂ ಅರವತ್ತೇಳು, ಎಪ್ಪತ್ತರೊಳಗಿನವರ ವಿಮೆ ಸಲೀಸು. ಎಪ್ಪತ್ತು ದಾಟಿದವರದು ಬೇರೆ ಯೋಜನೆ, ವೈದ್ಯರ ತಪಾಸಣೆ ಬೇಕು, ಕಂಪನಿಯವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಎರಡು ದಿನದಲ್ಲಿ ಕಂಪನಿಯಿಂದ ಖಾತ್ರಿ ಮಾಡಿಕೊಳ್ಳಲು ಫೋನ್ ಬರುತ್ತದೆ. ಅಕ್ಕನ ನಿಜವಾದ ವಯಸ್ಸು ಎಪ್ಪತ್ತೊಂದು. ಏನು ಮಾಡುವುದೆಂದು ಅವನು ನನ್ನ ಮುಖ ನೋಡಿದ. ಜೀವನವಿಡೀ ಮಕ್ಕಳಿಗೆ ಸತ್ಯದ ಪಾಠ ಮಾಡಿದ ನಾನು ಅರ್ಜಿಯಲ್ಲಿ ‘ಅವಳಿ’ ಎಂದು ಬರೆದು ಸಹಿ ಹಾಕಿದೆ.

ಮರುದಿನ ಅಂಬೇವಾಡಿಗೆ ಹೋಗಿ ಅಕ್ಕನಿಗೆ ಮಗ್ಗಿ ಬಾಯಿಪಾಠ ಮಾಡಿಸಿದಂತೆ ಮಾಡಿಸಿದೆ. ಹುಟ್ಟಿದ್ದು ಯಾವಾಗ? ಜೂನ್ ಒಂದು. ವಯಸ್ಸು? ಅರವತ್ತೇಳು. ಅಲ್ಲಿಯವರೆಗೆ ಸರಿಯಾಗಿ ಒಪ್ಪಿಸಿದಳು. ಅವಳಿ ಎನ್ನುವಲ್ಲಿಗೆ ಬಂದಾಗ ಸೊಪ್ಪು ಸೋಸುವುದನ್ನು ನಿಲ್ಲಿಸಿದಳು.

“ಅವ್ವ ಸತ್ತು ಇಷ್ಟ ವರ್ಷ ಆದ ಮ್ಯಾಲ ಆಕಿ ಕಡಿಂದ ಜವಳಿ ಹಡಿಸ್ತಿಯೇನೋ?”

“ಫೋನಿನ್ಯಾಗ ಒಂದ್ ಮಾತು ಅನ್ನೂದಷ್ಟ, ಅಕ್ಕಾ. ಇಲ್ಲಂದ್ರ ಹಡಗಿಲ್ಲ.”

ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೌನವನ್ನು ಸಮ್ಮತಿಯೆಂದು ತಿಳಿಯುವುದು ಮಾಸ್ತರರ ಹಳೆಯ ಚಟ.

ಫೋನ್ ಬಂದಾಗ ನಾನು ಅಲ್ಲೇ ಇದ್ದೆ. ಸ್ಪೀಕರ್ ಹಾಕಿಸಿದೆ. ಆ ಕಡೆ ಒಬ್ಬ ಹುಡುಗಿ, ಕಲಿತ ಕನ್ನಡದಲ್ಲಿ ಬಲು ಸೌಜನ್ಯದಿಂದ ಕೇಳಿದಳು. ಜನ್ಮದಿನ? ಅಕ್ಕ ಪಟ್ಟನೆ ಜೂನ್ ಒಂದು ಎಂದಳು. ನಿಮ್ಮ ತಮ್ಮನವರದೂ ಅದೇ ಇದೆ, ನೀವಿಬ್ಬರೂ ಅವಳಿಗಳೇ? ಅಕ್ಕ ನನ್ನನ್ನು ನೋಡಿದಳು. ನಾನು ಎರಡು ಬೆರಳು ಜೋಡಿಸಿ ತೋರಿಸಿದೆ.

“ಇಲ್ಲ ತಂಗಿ. ನಾ ಅವನಕಿಂತ ನಾಕು ವರ್ಷ ದೊಡ್ಡಾಕಿ.”

“ಹಾಗಾದರೆ ನಿಮ್ಮ ಜನ್ಮದಿನ?”

“ಜೂನ್ ಒಂದು.”

“ಅವರದು?”

“ಅವಂದೂ ಜೂನ್ ಒಂದು. ಅದ ವರ್ಷ.”

ಆ ಹುಡುಗಿ ಎರಡೂ ತಾರೀಖನ್ನು ಇನ್ನೊಮ್ಮೆ ಓದಿ ಹೇಳಿದಳು. ಆಮೇಲೆ ಧನ್ಯವಾದ ಹೇಳಿ ಫೋನ್ ಇಟ್ಟಳು. ಸಂಜೆಗೆ ಅಂಗಡಿಯವನಿಂದ ಸುದ್ದಿ ಬಂತು. ವಿಮೆ ತಡೆಹಿಡಿಯಲಾಗಿದೆ, ಹೇಳಿಕೆಗಳು ತಾಳೆಯಾಗುತ್ತಿಲ್ಲ, ಐದು ದಿನದೊಳಗೆ ಲಿಖಿತ ವಿವರಣೆ ಕೊಡಬೇಕು.

ನನಗೆ ಮೈಯೆಲ್ಲ ಉರಿಯಿತು. ಅಕ್ಕನ ಮೇಲೆ ಸಿಟ್ಟು, ಸತ್ತುಹೋದ ನಮ್ಮ ಮಾಸ್ತರರ ಮೇಲೂ ಸಿಟ್ಟು. ನನ್ನ ಮೇಲೆ ಮಾತ್ರ ಆಗಿನ್ನೂ ಬಂದಿರಲಿಲ್ಲ. ಅವಳೆದುರೇ ಕೂತು ಒಳ್ಳೆಯ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದೆ. ಬರೆದಾದ ಮೇಲೆ ನನಗೇ ಮೆಚ್ಚುಗೆಯಾಗಿ ಇನ್ನೊಮ್ಮೆ ಓದಿಕೊಂಡೆ.

“ಏನ್ ಬರ್ದಿ? ಕನ್ನಡದಾಗ ಹೇಳು,” ಎಂದಳು ಅಕ್ಕ.

ಸುಳ್ಳು ಹೇಳಬಹುದಿತ್ತು, ಅವಳಿಗೆ ಇಂಗ್ಲಿಷ್ ಬಾರದು. ಯಾಕೋ ನಾಲಿಗೆ ಏಳಲಿಲ್ಲ. “ವಯಸ್ಸಾಗೇತಿ, ಅಕ್ಕಗ ಮರವು ಭಾಳ, ಏನರ ಮಾತಾಡ್ತಾಳ, ಆಕಿ ಮಾತು ಹಿಡೀಬ್ಯಾಡ್ರಿ ಅಂತ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನನಗ ಮರವೇನು? ನೀ ಸಾಲಿಗೆ ಹೋಗೂದಿಲ್ಲಂತ ಅಂಗಳದಾಗ ಹೊಳ್ಳಾಡಿ ಅಳತಿದ್ದಿ. ಅಕ್ಕ ಬಂದ್ರ ಹೋಗ್ತೇನಿ ಅಂತಿದ್ದಿ. ಒಂಬತ್ತು ವರ್ಷದಾಕಿ ನಾನು, ನಿನ್ನ ಸೊಂಟದ ಮ್ಯಾಲ ಕುಂದ್ರಿಸಿಕೊಂಡು ಹಳ್ಳ ದಾಟಿ ಹೋದೆ. ಅಪ್ಪ ಇಬ್ಬರನ್ನೂ ಒಂದ ದಿನ ಸಾಲಿಗೆ ಹಚ್ಚಿದ, ಮಾಸ್ತರು ಇಬ್ಬರಿಗೂ ಒಂದ ತಾರೀಖು ಬರ್ದ್ರು. ಮರತಾಕಿ ನಾನೋ, ನೀನೋ?”

ಮರೆತವನು ನಾನು. ಅಥವಾ ಮರೆಯುವುದು ನನಗೆ ಅನುಕೂಲವಾಗಿತ್ತು. ನಾಲ್ಕು ವರ್ಷ ಅವಳು ನನ್ನ ಪಕ್ಕ ಕೂತು ಕಲಿತಳು, ನನಗಿಂತ ಚೆನ್ನಾಗಿ ಕಲಿತಳು. ನಾಲ್ಕನೆಯ ಇಯತ್ತೆ ಮುಗಿದಾಗ ನಾನು ಅಳದೆ ಒಬ್ಬನೇ ಶಾಲೆಗೆ ಹೋಗುವಷ್ಟು ದೊಡ್ಡವನಾದೆ, ಅವಳ ಕೆಲಸ ಮುಗಿಯಿತು ಎಂದು ಮನೆಯಲ್ಲಿ ಬಿಡಿಸಿದರು. ನಾನು ಅಳು ನಿಲ್ಲಿಸಿದ ವರ್ಷವೇ ಅವಳ ಶಾಲೆ ನಿಂತಿತು. ಅಂಥವಳಿಗೆ ಮರೆವು ಎಂದು ಇಂಗ್ಲಿಷಿನಲ್ಲಿ ಬರೆದು ಬೀಗಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಕಾಗದ ಹರಿದು ಹಾಕಿ ಹೊಸದು ಬರೆದೆ. ಈ ಸಲ ನಿಜವನ್ನೇ ಬರೆದೆ, ಆದರೆ ಹೆಡ್‌ಮಾಸ್ತರನಿಗೆ ಚಿಕ್ಕದಾಗಿ ಬರೆಯುವುದು ಬರಬೇಕಲ್ಲ. ನಾಲ್ಕು ಪುಟವಾಯಿತು. ಕಿವಿ ಮುಟ್ಟುವ ಪದ್ಧತಿ, ಹಳ್ಳ, ಸೊಂಟ, ನಾನು ಜೂನ್ ಒಂದಕ್ಕೆ ಹುಟ್ಟಿಸಿದ ಮಕ್ಕಳು ಎಲ್ಲ ಬಂದವು. ಕೊನೆಗೆ, ಅಕ್ಕನ ತಾರೀಖಿನಂತೆ ನನ್ನದೂ ಅಂದಾಜಿನದು ಎಂದು ಉದಾರವಾಗಿ ಸೇರಿಸಿದೆ. ಓದಿದವರು ಕಣ್ಣೊರೆಸಿಕೊಳ್ಳುತ್ತಾರೆಂದು ನನ್ನ ನಂಬಿಕೆಯಾಗಿತ್ತು.

ಉತ್ತರ ಮೂರು ಸಾಲಿನದು. ಇಬ್ಬರ ವಯಸ್ಸೂ ಖಚಿತವಿಲ್ಲವೆಂದು ಅರ್ಜಿದಾರರೇ ಒಪ್ಪಿರುವುದರಿಂದ, ಇಬ್ಬರನ್ನೂ ಎಪ್ಪತ್ತು ದಾಟಿದವರ ಯೋಜನೆಯಲ್ಲಿ ಪರಿಗಣಿಸಲಾಗುವುದು, ಇಬ್ಬರೂ ವೈದ್ಯಕೀಯ ತಪಾಸಣೆ ಮಾಡಿಸತಕ್ಕದ್ದು.

ಅಂಗಡಿಯವನು ತಲೆ ಕೆರೆದುಕೊಂಡ. “ನಿಮ್ಮದು ಯಾಕ್ ಬರೀಲಾಕ ಹೋದ್ರಿ ಸರ್? ಅವ್ರೇನ ಕೇಳಿದ್ರೇನು?”

ಧಾರವಾಡಕ್ಕೆ ಹೋಗಿ ತಪಾಸಣೆ ಮಾಡಿಸಿದೆವು. ಎಪ್ಪತ್ತೊಂದರ ಅಕ್ಕನ ವರದಿಯಲ್ಲಿ ಒಂದು ಸಾಲೂ ಕೆಂಪಿಲ್ಲ. ಅವಳಿಗೆ ತಕರಾರಿಲ್ಲದೆ ವಿಮೆ ಸಿಕ್ಕಿತು. ನನಗೆ ಬಿಪಿ ಇತ್ತು, ಸಕ್ಕರೆ ಇತ್ತು, ಇವೆರಡರಿಂದ ಬರುವ ಯಾವ ತೊಂದರೆಗೂ ಪರಿಹಾರವಿಲ್ಲ ಎಂಬ ಷರತ್ತಿನ ಮೇಲೆ ಅಂತೂ ಇಂತೂ ಸಿಕ್ಕಿತು. ಹದಿನೈದನೆಯ ದಿನ ಕಾಗದ ಕೈಸೇರಿತು. ಹದಿನೆಂಟು ಪುಟವನ್ನೂ ಪೆನ್ಸಿಲ್ ಹಿಡಿದು ಓದಿದೆ. ಅಲೆಯ ಓಲಾಟದಿಂದ ಬರುವ ವಾಂತಿಗೆ ಪರಿಹಾರವಿಲ್ಲ ಎಂದು ಒಂದೆಡೆ ಇತ್ತು. ಅದರ ಪಕ್ಕ ‘ನಮಗೆ ಸಂಬಂಧವಿಲ್ಲ’ ಎಂದು ಬರೆದೆ.

ಹಡಗು ಹತ್ತಿದಾಗ ಸಂಜೆ, ಗೋವಾದ ದಂಡೆ ಇನ್ನೂ ಕಾಣುತ್ತಿತ್ತು. ನಾಳೆ ಬೆಳಗಾಗಲಿ ಎಂದು ಅಕ್ಕ ಬೇಗ ಮಲಗಿದಳು. ಬೆಳಕು ಹರಿಯುವ ಮೊದಲೇ ನನ್ನ ಹೊಟ್ಟೆ ಬುಡಮೇಲಾಯಿತು. ಯಲ್ಲಾಪುರದ ತಿರುವುಗಳಲ್ಲಿ ಹೆಂಡತಿಯನ್ನು ನೋಡಿ ನಕ್ಕಿದ್ದಕ್ಕೆಲ್ಲ ಅದು ಒಂದೇ ಬೆಳಿಗ್ಗೆ ಸೇಡು ತೀರಿಸಿಕೊಂಡಿತು. ಹಡಗಿನ ಕೆಳಗಿನ ಅಂತಸ್ತಿನ ದವಾಖಾನೆಗೆ ಅಕ್ಕ ನನ್ನನ್ನು ಹೆಗಲು ಕೊಟ್ಟು ಕರೆದೊಯ್ದಳು. ಅಲ್ಲಿ ಒಂದು ಕಿಟಕಿಯೂ ಇರಲಿಲ್ಲ.

ಮಂಗಳೂರು ಕಡೆಯ ನರ್ಸ್ ಒಬ್ಬರು ವಿಮೆಯ ಕಾಗದ ಕೇಳಿದರು. ಮೂರು ಪ್ರತಿಗಳ ನನ್ನ ಫೈಲು ಬೀಗ ಹಾಕಿದ ಸೂಟ್‌ಕೇಸಿನಲ್ಲಿತ್ತು, ಕೀಲಿ ಎಲ್ಲಿಟ್ಟೆನೆಂದು ಹೇಳಲು ಬಾಯಿ ತೆರೆದರೆ ಬೇರೇನೋ ಬರುತ್ತಿತ್ತು. ಅಕ್ಕ ಸೊಂಟದಿಂದ ಎಲೆ ಅಡಕೆಯ ಚಂಚಿ ತೆಗೆದು, ಅದರೊಳಗಿಂದ ಇಬ್ಬರ ವಿಮೆಯ ಮೊದಲ ಪುಟದ ಮಡಿಸಿದ ಪ್ರತಿಯನ್ನು ಬಿಚ್ಚಿ ಕೊಟ್ಟಳು. ಒಂದು ಮೂಲೆಗೆ ಸುಣ್ಣ ಮೆತ್ತಿತ್ತು. ನರ್ಸ್ ತಾರೀಖುಗಳನ್ನು ನೋಡಿ, ಅವಳಿಗಳಾ ಎಂದರು.

“ಅಲ್ಲವಾ. ನಾ ಅಕ್ಕ, ನಾಕು ವರ್ಷ ದೊಡ್ಡಾಕಿ.”

ಇಂಜೆಕ್ಷನ್ ಕೊಟ್ಟು, ಇದು ವಿಮೆಯಲ್ಲಿ ಬರುವುದಿಲ್ಲ ಸರ್ ಎಂದರು. ಗೊತ್ತು ಎಂದು ತಲೆಯಾಡಿಸಿದೆ. ಮಧ್ಯಾಹ್ನದ ಹೊತ್ತಿಗೆ ದ್ವೀಪಗಳು ಕಾಣತೊಡಗುತ್ತವೆ, ಅಷ್ಟರಲ್ಲಿ ಸರಿಯಾಗುತ್ತೀರಿ ಎಂದರು. ಮರಳುವಾಗ ಈ ನಡುನೀರು ದಾಟುವುದು ರಾತ್ರಿ, ಅಂದರೆ ನಾಲ್ಕೂ ಕಡೆ ದಂಡೆ ಕಾಣದ ನೀರು ನೋಡಸಿಗುವುದು ಈಗ, ಈ ಬೆಳಿಗ್ಗೆ. ಅಕ್ಕನಾದರೋ ಸ್ಟೂಲಿನ ಮೇಲೆ ಕೂತು ನನ್ನ ಕೈ ಹಿಡಿದುಕೊಂಡಿದ್ದಳು.

“ಅಕ್ಕಾ, ನೀ ಮ್ಯಾಲ ಹೋಗು.”

“ನಿನ್ನೊಬ್ಬನ್ನ ಬಿಟ್ಟು ಹೆಂಗ ಹೋಗ್ಲೋ?”

“ನಾ ಅಳೂದಿಲ್ಲ. ಹೋಗು.”

ಅವಳು ನನ್ನ ಹಣೆ ಒರೆಸಿ, ಚಂಚಿ ಸಿಕ್ಕಿಸಿಕೊಂಡು, ಸೆರಗು ಬಿಗಿದು ಮೆಟ್ಟಿಲು ಹತ್ತಿದಳು. ಒಂದು ತಾಸಿನ ಮೇಲೆ ಬಂದಾಗ ಅವಳ ಕೂದಲೆಲ್ಲ ಗಾಳಿಗೆ ಕೆದರಿತ್ತು.

“ದಂಡಿ ಕಂಡ್ತೇನು?” ಎಂದೆ.

“ಒಂದ ಕಡೀನೂ ಕಾಣಲಿಲ್ಲ,” ಎಂದಳು. ಅಷ್ಟು ಖುಷಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ನನ್ನ ದಿಂಬನ್ನು ಮುಟ್ಟಿ ನೋಡಿದಳು.

“ಅಳಲಿಲ್ಲ ಹೌದಿಲ್ಲೋ?”

“ಇಲ್ಲ,” ಎಂದೆ. ಅದೂ ನನ್ನ ಜೂನ್ ಒಂದರಷ್ಟೇ ನಿಜ.