ಪರದೆ ನಿದ್ದೆ ಹೋಗದ ಹಾಗೆ

ಆ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಮಕ್ಕಳು ಇಟ್ಟ ಹೆಸರು ಗಿರಗಿಟ್ಲೆ ಮೇಡಂ. ಕೂತಲ್ಲಿ ಕೂರುವ ಜೀವವೇ ಅಲ್ಲ. ಹಾಜರಿ ಕರೆಯುವಾಗಲೂ ಒಂದು ಕಣ್ಣು ಕಿಟಕಿಯ ಚಿಲಕದ ಮೇಲೆ, ಒಂದು ಕಿವಿ ಅಂಗಳದ ನಲ್ಲಿ ತೊಟ್ಟಿಕ್ಕುತ್ತಿದೆಯೇ ಎಂಬ ಕಡೆಗೆ. ಮನೆಯಲ್ಲಿ ಟಿವಿ ರಿಮೋಟಿಗೆ ಕೊಂಡ ದಿನದ ಪ್ಲಾಸ್ಟಿಕ್ ಕವರ್ ಇನ್ನೂ ಇದೆ. ಅದರೊಳಗಿನ ಅಂಕಿಗಳು ಮಂಜಿನಲ್ಲಿ ನಿಂತವರ ಹಾಗೆ ಕಾಣುತ್ತವೆ.

“ಮದುವೆ ದಿನಾನೇ ನನಗೂ ಒಂದು ಕವರ್ ಹಾಕಿಸಿದ್ದಿದ್ರೆ ಕೂದಲಾದ್ರೂ ಉಳೀತಿತ್ತು ಕಣೇ,” ಎಂದು ಗಂಡ ಬೋಳುತಲೆ ಸವರಿಕೊಳ್ಳುತ್ತಾನೆ.

ಈ ಸ್ವಭಾವ ಹುಟ್ಟಿನಿಂದ ಬಂದದ್ದಲ್ಲ, ನೌಕರಿ ಕಲಿಸಿದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸರ್ಕಾರ ಶಾಲೆಗೊಂದು ಕಂಪ್ಯೂಟರ್ ಕೊಟ್ಟಿತ್ತು. ಆಕೆ ಸಂಭ್ರಮದಿಂದ ಅದನ್ನು ಮಕ್ಕಳಿಗೆ ಬಿಟ್ಟುಕೊಟ್ಟಳು. ಯಾರೋ ಕೀಬೋರ್ಡಿನ ಮೇಲೆ ನೀರು ಚೆಲ್ಲಿದರು. ಆ ಕಂಪ್ಯೂಟರ್ ಬದುಕಿದ್ದಕ್ಕಿಂತ ಅದರ ವಿಚಾರಣೆ ಹೆಚ್ಚು ಕಾಲ ಬದುಕಿತು. ಶಿಕ್ಷಣ ಇಲಾಖೆಯ ಕಚೇರಿಯ ಬೆಂಚಿನ ಮೇಲೆ ಆಕೆಯನ್ನು ಕೂರಿಸಿಕೊಂಡು ಪ್ರತಿ ಸಲವೂ ಅದೇ ಪ್ರಶ್ನೆ: “ಮಕ್ಕಳ ಕೈಗೆ ಯಾಕಮ್ಮ ಕೊಟ್ರಿ?” ಹಾಗೆ ಕೂತ ಆ ಮಧ್ಯಾಹ್ನಗಳು ಆಕೆಯ ಕಾಲುಗಳಲ್ಲಿ ಉಳಿದುಬಿಟ್ಟವು. ಅಂದಿನಿಂದ ಆ ಕಾಲುಗಳು ನಿಂತದ್ದಿಲ್ಲ.

ಈಗ, ತಲೆ ನರೆತ ಮೇಲೆ, ಅನುದಾನದಲ್ಲಿ ಇನ್ನೊಂದು ಯಂತ್ರ ಬಂತು. ಅರ್ಧ ಗೋಡೆಯಷ್ಟು ಅಗಲದ ಸ್ಮಾರ್ಟ್ ಬೋರ್ಡ್. ಬೆರಳಿನಿಂದ ಬರೆದರೆ ಅಕ್ಷರ ಮೂಡುತ್ತದೆ, ತಟ್ಟಿದರೆ ಚಿತ್ರ ಚಲಿಸುತ್ತದೆ. ಜೋಡಿಸಲು ಬಂದಿದ್ದ ಕೆಲಸಗಾರ ಸ್ಕ್ರೂಡ್ರೈವರನ್ನು ಜೇಬಿಗೆ ಸಿಕ್ಕಿಸಿಕೊಳ್ಳುತ್ತಾ ಹೇಳಿದ: “ಒಡೆದ್ರೆ ನೀವೇ ಜವಾಬ್ದಾರಿಯಂತೆ ಮೇಡಂ. ಆಮೇಲೆ ಇನ್ನೊಂದು. ದಿನಾ ಎಷ್ಟು ಹೊತ್ತು ಆನ್ ಆಗಿತ್ತು ಅಂತ ಇದು ತಾನೇ ಕಚೇರಿಗೆ ತಿಳಿಸುತ್ತೆ. ಸುಮ್ನೆ ಇಟ್ಟಿದ್ರೆ ಬಿಚ್ಕೊಂಡು ಹೋಗಿ ಬೇರೆ ಶಾಲೆಗೆ ಕೊಡ್ತಾರೆ.”

ಮುಟ್ಟಿದರೆ ಒಡೆಯುವ ಭಯ, ಮುಟ್ಟದಿದ್ದರೆ ಕಳೆದುಕೊಳ್ಳುವ ಭಯ. ಎರಡರ ನಡುವೆ ಆಕೆ ತನ್ನದೇ ಒಂದು ದಾರಿ ಕಂಡುಕೊಂಡಳು. ಮೂಲೆಯ ಕೋಣೆಗೆ ಬೀಗ ಹಾಕಿ, ಒಳಗೆ ಬೋರ್ಡನ್ನು ಬೆಳಗಿನಿಂದ ಸಂಜೆಯವರೆಗೆ ಓಡಲು ಬಿಟ್ಟಳು. ಅದು ಖಾಲಿ ಬೆಂಚುಗಳಿಗೆ ಜ್ವಾಲಾಮುಖಿ ತೋರಿಸಿತು, ಯಾರೂ ಇಲ್ಲದ ಕೋಣೆಯಲ್ಲಿ ತಿಮಿಂಗಿಲಗಳನ್ನು ಈಜಾಡಿಸಿತು. ತೊಡಕು ಒಂದೇ: ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಪರದೆ ನಿದ್ದೆ ಹೋಗುತ್ತಿತ್ತು.

ಹಾಗಾಗಿ ಓಟ ಶುರುವಾಯಿತು. ಮೂರನೇ ತರಗತಿಗೆ ಮಗ್ಗಿ ಹೇಳಿಸುತ್ತಿದ್ದವಳು ನಡುವೆಯೇ ನಿಲ್ಲಿಸಿ, ಚಪ್ಪಲಿ ಪಟಪಟ ಎನ್ನಿಸುತ್ತ ಮೂಲೆಯ ಕೋಣೆಗೆ ಹೋಗುವಳು. ಬೀಗ ತೆಗೆದು, ಕೈ ಒರೆಸಿಕೊಂಡು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಪರದೆಯ ಅಂಚನ್ನು ಒಂದೇ ಬೆರಳಿನಿಂದ ಮುಟ್ಟುವಳು. ಮತ್ತೆ ಬೀಗ, ಮತ್ತೆ ಓಟ. ಮಗ್ಗಿ ಎಲ್ಲಿಗೆ ಬಂದಿತ್ತೆಂದು ಮಕ್ಕಳನ್ನೇ ಕೇಳುವಳು.

ಶಾಲೆಯ ಇನ್ನೊಬ್ಬ ಶಿಕ್ಷಕಿ, ಎಲ್ಲರೂ ಚಿಕ್ಕ ಮೇಡಂ ಎನ್ನುವ ಹುಡುಗಿ, ಒಂದು ದಿನ ದಾರಿಗೆ ಅಡ್ಡ ನಿಂತಳು.

“ಅಕ್ಕಾ, ಒಂದ್ಸಲ ಮಕ್ಕಳನ್ನ ಒಳಗೆ ಬಿಡಿ. ನಾನಿರ್ತೀನಲ್ಲ.”

“ನೀನಿರ್ತೀಯ. ವಿಚಾರಣೆಗೆ ಕರೆದಾಗ ನಾನಿರ್ತೀನಿ.”

“ಕಿಟಕಿ ಸರಳಿಗೆ ಜೋತುಬಿದ್ದು ನೋಡ್ತಾವೆ, ಪಾಪ.”

“ನೋಡ್ಲಿ ಬಿಡು. ನೋಡಿದ್ರೆ ಸವೆಯಲ್ಲ.”

ಕಚೇರಿಯಿಂದ ಅಧಿಕಾರಿಯ ಫೋನ್ ಬಂದದ್ದು ಅದೇ ವಾರ. “ನಮ್ಮ ಶಾಲೆಗಳಲ್ಲೆಲ್ಲ ಬೋರ್ಡ್ ಬಳಸೋದ್ರಲ್ಲಿ ನಿಮ್ಮದೇ ಮೊದಲು ಮೇಡಂ! ನಾಳೆ ನಾನೇ ಬಂದು ಪಾಠ ನೋಡ್ತೀನಿ.”

ಆ ಸಂಜೆ ಆಕೆ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆದಳು. ವಿಷಯ ಕೇಳಿದ ಗಂಡ, “ಒಂದು ಗಳಿಗೆ ಕೂತ್ಕೊಳ್ಳೇ, ಇಲ್ದಿದ್ರೆ ನೆಲಕ್ಕೂ ಕವರ್ ಹಾಕಿಸ್ಬೇಕಾಗುತ್ತೆ,” ಎಂದ. ಆಕೆ ನಗಲಿಲ್ಲ. ಬೋರ್ಡ್ ಶಾಲೆಯಲ್ಲಿ ಉಳಿಯಬೇಕು, ಅಷ್ಟೇ. ಸಿನಿಮಾದಂಥ ಪಾಠವೊಂದನ್ನು ಹಾಕಿಬಿಡುವುದು, ಮಕ್ಕಳನ್ನು ಕೈಕಟ್ಟಿ ಕೂರಿಸುವುದು, ಅಧಿಕಾರಿ ನೋಡಿ ಹೋಗುವುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಮರುದಿನ ಮಕ್ಕಳು ಮೊದಲ ಬಾರಿಗೆ ಆ ಕೋಣೆಯೊಳಗೆ ಕಾಲಿಟ್ಟರು. ಉಸಿರು ಬಿಡಲೂ ಹೆದರಿದವರಂತೆ ಕೂತರು. ಅಧಿಕಾರಿ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ತೂರಿಕೊಂಡರು. ತಿಮಿಂಗಿಲ ಬಂತು, ನೀರು ಚಿಮ್ಮಿಸಿತು, ಹೋಯಿತು.

“ಚೆನ್ನಾಗಿದೆ. ಆದ್ರೆ ಇದು ಟಿವಿ ಆಯ್ತಲ್ಲ,” ಎಂದರು ಅಧಿಕಾರಿ. ಮುಂದೆ ಕೂತಿದ್ದ ಎರಡು ಜಡೆಯ ಹುಡುಗಿಯನ್ನು ಕರೆದರು. “ಬಾ ಪುಟ್ಟಿ. ದಿನಾ ಹೇಗೆ ಮಾಡ್ತೀರೋ ಹಾಗೆ ಮಾಡಿ ತೋರ್ಸು.”

ಹುಡುಗಿ ಎದ್ದಳು. ಅಂಗಿಗೆ ಕೈ ಒರೆಸಿಕೊಂಡಳು. ಬೋರ್ಡಿನ ಬಳಿ ಹೋಗಿ ಅಂಚನ್ನು ಒಂದೇ ಬೆರಳಿನಿಂದ, ಬಹಳ ಮೆತ್ತಗೆ ಮುಟ್ಟಿದಳು. ತಕ್ಷಣ ತಿರುಗಿ ಬಾಗಿಲಾಚೆ ಓಡಿ, ಕದ ಎಳೆದುಕೊಂಡಳು. ಆಮೇಲೆ ಕದ ಸರಿಸಿ ಮುಖ ಹಾಕಿ ಹೇಳಿದಳು: “ಇಷ್ಟೇ ಸರ್. ಆಮೇಲೆ ಬೀಗ ಹಾಕ್ಬೇಕು.”

ತರಗತಿಯಲ್ಲಿ ಯಾರೂ ನಗಲಿಲ್ಲ. ಎಲ್ಲರೂ ತಲೆಯಾಡಿಸಿದರು. ಸರಿಯಾಗಿಯೇ ಮಾಡಿದ್ದಳಲ್ಲ.

ನಗಲು ಹೊರಟ ಅಧಿಕಾರಿ ಅರ್ಧದಲ್ಲೇ ತಡೆದುಕೊಂಡರು. “ಬೀಗ ಯಾಕೆ?”

“ನಾವು ಒಳಗೆ ಬಂದ್ರೆ ಒಡೆದುಹೋಗುತ್ತೆ ಸರ್.”

‘ಮಗು ತಮಾಷೆ ಮಾಡ್ತಿದೆ ಸರ್’ ಎಂಬ ಮಾತು ಮೇಡಂಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಅಂದುಬಿಟ್ಟರೆ ಬೋರ್ಡ್ ಉಳಿಯುತ್ತಿತ್ತು. ಆದರೆ ಸರಿಯಾದ ಉತ್ತರ ಹೇಳಿದ ಮಗುವಿನ ಮುಖ ಹೇಗೆ ಹೊಳೆಯುತ್ತದೆಂದು ಆಕೆಗೆ ಗೊತ್ತು. ಇಷ್ಟು ವರ್ಷ ಆ ಹೊಳಪಿಗಾಗಿಯೇ ಪಾಠ ಮಾಡಿದವಳು. ಈಗ ಅದು ಬಾಗಿಲ ಸಂದಿಯಲ್ಲಿ ನಿಂತು ತನ್ನನ್ನೇ ನೋಡುತ್ತಿತ್ತು.

“ಅವಳು ಹೇಳಿದ್ದು ನಿಜ ಸರ್. ನಿಮ್ಮ ವರದೀಲಿರೋ ಹೊತ್ತೆಲ್ಲ ನಂದು. ಮಕ್ಕಳದ್ದು ಒಂದು ನಿಮಿಷಾನೂ ಇಲ್ಲ.”

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. “ಇದನ್ನ ನಾನು ಬರೀಲೇಬೇಕಾಗುತ್ತೆ ಮೇಡಂ. ಬೋರ್ಡ್ ಹೋದ್ರೂ ಹೋಗಬಹುದು.”

“ಯಾವಾಗ?”

“ತಿಂಗಳ ಕೊನೇಲಿ ಗೊತ್ತಾಗುತ್ತೆ.”

“ಅಲ್ಲೀವರೆಗೂ ಇರುತ್ತಲ್ಲ?”

“ಇರುತ್ತೆ.”

ಆಕೆ ಮಕ್ಕಳ ಕಡೆ ತಿರುಗಿದಳು. “ಏಳಿ ಎಲ್ರೂ. ಒಬ್ಬೊಬ್ಬರಾಗಿ ಬಂದು ಬರೀರಿ.”

ಒಬ್ಬೊಬ್ಬರಾಗಿ ಯಾರೂ ಬರಲಿಲ್ಲ. ಬೆಂಚುಗಳು ಕಿರ್ರೆಂದವು. ಬೆರಳಿಗೆ ಬಣ್ಣ ಹತ್ತುವುದಿಲ್ಲವೆಂದು ಒಬ್ಬನಿಗೆ ಅಚ್ಚರಿ; ಇನ್ನೊಬ್ಬಳು ಇಡೀ ಅಂಗೈ ಒತ್ತಿದಳು; ಎರಡು ಜಡೆಯವಳು ತನ್ನ ಹೆಸರನ್ನು ಈ ತುದಿಯಿಂದ ಆ ತುದಿಯವರೆಗೆ ಎಳೆದಳು. ಪರದೆಯ ಮೇಲೆ ಬೀಳುವ ಒಂದೊಂದು ಪೆಟ್ಟಿಗೂ ಮೇಡಂಳ ಭುಜ ಜಗ್ಗುತ್ತಿತ್ತು. “ಮೆಲ್ಲಗೆ” ಎಂದಳು. ಯಾರಿಗೂ ಕೇಳಿಸಲಿಲ್ಲ.

ಆಕೆ ಬೀಗದ ಕೈಯನ್ನು ಗೋಡೆಗೊರಗಿ ನಿಂತಿದ್ದ ಚಿಕ್ಕ ಮೇಡಂಳ ಅಂಗೈಗೆ ತುರುಕಿದಳು. “ಇದು ನಿನ್ನ ಹತ್ರ ಇರ್ಲಿ. ನನ್ನ ಹತ್ರ ಇದ್ರೆ ನಾಳೆ ಮತ್ತೆ ಹಾಕಿಬಿಡ್ತೀನಿ.”

“ಇಲ್ಲೇ ನಿಂತು ನೋಡಿ ಅಕ್ಕಾ, ಎಷ್ಟು ಚೆಂದ.”

“ನೋಡಕ್ಕಾಗಲ್ಲ ಕಣೇ ನನಗೆ,” ಎಂದು ಆಕೆ ಹೊರಗೆ ಬಂದಳು. ಒಳಗಿನ ಗಲಾಟೆಗೆ ಕಿವಿಗೊಟ್ಟು, ಜಗಲಿಯ ಉದ್ದಕ್ಕೂ ಹೋಗುತ್ತ ಬರುತ್ತ ಇದ್ದಳು.